ದೀಪದ ಸುತ್ತ ತಪ್ಪು ಸುತ್ತು

"ನಿಲ್ಲಿಸಿ, ನಿಲ್ಲಿಸಿ! ಏನ್ರೀ ಇದು ಗಂಗಾಂಬಿಕಾ, ಮಕ್ಕಳು ಅಪ್ರದಕ್ಷಿಣೆ ಹಾಕ್ತಿದಾರಲ್ರೀ!"

ಅಟ್ಲಾಂಟಾ ಬಳಿಯ ಲಾರೆನ್ಸ್‌ವಿಲ್‌ನಲ್ಲಿ, ಗಂಗಾಂಬಿಕಾಳ ಮನೆಯ ಗ್ಯಾರೇಜಿನಲ್ಲಿ ಎಂಟು ಜೊತೆ ಕೋಲಾಟದ ಕೋಲುಗಳ ಸದ್ದು ಒಮ್ಮೆಗೇ ನಿಂತಿತು. ಕನ್ನಡ ಕೂಟದ ಕಾರ್ಯದರ್ಶಿ ರೇಣುಕಾದೇವಿ ಕಾರಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಗಂಗಾಂಬಿಕಾ ನಡುವಿನ ದೀಪದ ಕಂಬವನ್ನು ನೋಡಿದಳು, ಮಕ್ಕಳನ್ನು ನೋಡಿದಳು. ಹೌದು, ಬಲಕ್ಕಿರಬೇಕಾದ ದೀಪ ಎಂಟೂ ಮಕ್ಕಳ ಎಡಕ್ಕಿತ್ತು.

ತಪ್ಪು ಮಕ್ಕಳದಲ್ಲ. ನಾಲ್ಕು ವಾರ ಅವಳು ಅವರ ಎದುರು ನಿಂತು ಹೇಳಿಕೊಟ್ಟಿದ್ದಳು. ಅವಳು ಎಡಕ್ಕೆ ಸರಿದರೆ ಮಕ್ಕಳು ಕನ್ನಡಿಯ ಹಾಗೆ ಬಲಕ್ಕೆ ಸರಿದಿದ್ದರು. ಹೆಜ್ಜೆ ತಿದ್ದುವ ಭರದಲ್ಲಿ ಸುತ್ತು ಯಾವ ಕಡೆಗೆಂದು ಅವಳು ನೋಡಿರಲೇ ಇಲ್ಲ. ಧಾರವಾಡದಲ್ಲಿ ಅವ್ವ ಕಲಿಸಿದ ಹಾಗೆ ನಡುವೆ ದೀಪ ಇರಲೇಬೇಕೆಂದು ಹಟ ಹಿಡಿದವಳೂ ಅವಳೇ. ಮಾಡಿದ್ದುಣ್ಣೋ ಮಹಾರಾಯ.

"ನಾಳೆನೇ ರಾಜ್ಯೋತ್ಸವ. ಹಿರಿಯರೆಲ್ಲ ಫ್ರಂಟ್ ರೋನಲ್ಲೇ ಕೂತಿರ್ತಾರೆ. ಚೀಫ್ ಗೆಸ್ಟ್ ಹಚ್ಚಿದ ದೀಪನ ಅಲ್ಲಾಡಿಸೋಕೂ ಆಗಲ್ಲ. ಸರಿ ಮಾಡಿ, ಇಲ್ಲಾಂದ್ರೆ ಐಟಮ್ ಡ್ರಾಪ್ ಮಾಡೋಣ," ಎಂದರು ರೇಣುಕಾದೇವಿ. ಕೆಟ್ಟವರಲ್ಲ, ಹೇಳುವುದನ್ನು ಹೇಳಿ, ಮಕ್ಕಳಿಗೆಂದು ತಂದಿದ್ದ ಚಕ್ಕುಲಿ ಡಬ್ಬಿ ಇಟ್ಟು ಹೋದರು.

ಸುತ್ತು ತಿರುಗಿಸಿ ನೋಡಿದ್ದೂ ಆಯಿತು. ಮೂರೇ ಹೆಜ್ಜೆಗೆ ಒಬ್ಬರ ಮೇಲೊಬ್ಬರು ಬಿದ್ದರು. ಏಳು ವರ್ಷದ ಶ್ರೇಯಸ್‌ನ ಬೆರಳ ಗಂಟಿಗೆ ಕೋಲು ಬಿತ್ತು.

"ಆಂಟಿ, ಮೈ ಬಸ್ ಡೋರ್ ಡಸಂಟ್ ವರ್ಕ್ ದಿಸ್ ವೇ!" ಅವನ ಕಣ್ಣು ತುಂಬಿತ್ತು.

ಬಸ್ಸಿನ ಬಾಗಿಲು ಅವನೇ ಕಟ್ಟಿದ ಹೆಜ್ಜೆ. ಸ್ಕೂಲ್ ಬಸ್ಸಿನ ಬಾಗಿಲು ಮಡಚಿ ತೆರೆಯುವ ಹಾಗೆ ಕೋಲುಗಳನ್ನು ಅಗಲಿಸಿ ಮುಚ್ಚುವುದು. ಇನ್ನೊಬ್ಬಳದು ಹುಲ್ಲಿಗೆ ನೀರು ಚಿಮ್ಮಿಸುವ ಹೆಜ್ಜೆ. ಹೀಗೆ ಎಂಟು ಮಕ್ಕಳಿಗೆ ಎಂಟು. "ಇದು ನನ್ನ ಕುಣಿತ ಅಲ್ಲ, ನಿಮ್ಮದು," ಎಂದು ಮೊದಲ ದಿನವೇ ಗಂಗಾಂಬಿಕಾ ಮಾತು ಕೊಟ್ಟಿದ್ದಳು. ಈಗ ಅವನ್ನೆಲ್ಲ ಕಿತ್ತುಹಾಕಿ ನಾಲ್ಕು ಸಾದಾ ಏಟು ಕಲಿಸಿದರೆ ನಾಳೆ ಮಾನ ಉಳಿಯುತ್ತದೆ. ಹಾಗೆಂದು ಹೇಳಲು ಬಾಯಿ ತೆರೆದಳು. ಬದಲಿಗೆ ಶ್ರೇಯಸ್‌ನ ಬೆರಳು ಹಿಡಿದು ಊದಿದಳು.

"ಆಂಟಿ," ಎಂದಳು ಅಮೂಲ್ಯಾ. ಮುರಳೀಧರನ ಮಗಳು, ಎಂಟು ವರ್ಷ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. "ನಮ್ಮ ಡ್ಯಾಡಿ ಟೂ ಎಯ್ಟಿ ಫೈವ್‌ನಲ್ಲಿ ಆಲ್ವೇಸ್ ರಾಂಗ್ ಸೈಡ್ ಹೋಗ್ತಾರೆ. ಅಮ್ಮ ಯೆಲ್ ಮಾಡ್ತಾಳೆ. ದೆನ್ ವಿ ಟರ್ನ್ ಅರೌಂಡ್."

ಊರಿನ ಸುತ್ತ ಬಳೆಯಂತೆ ತಿರುಗುವ ಆ ಹೆದ್ದಾರಿಯಲ್ಲಿ ಹೊರಬೀಳುವ ಎಕ್ಸಿಟ್ ಬಿಟ್ಟು ದಾರಿ ತಪ್ಪದ ಕನ್ನಡಿಗ ಅಟ್ಲಾಂಟಾದಲ್ಲಿ ಇನ್ನೂ ಹುಟ್ಟಿಲ್ಲ.

"ನಾವೂ ಫಸ್ಟ್ ರಾಂಗ್ ಹೋಗೋಣ, ಎಲ್ಲಾ ಸ್ಟೆಪ್ಸ್ ಮಾಡೋಣ. ದೆನ್ ಸಮ್‌ಬಡಿ ಯೆಲ್ಸ್. ದೆನ್ ರೈಟ್ ಹೋಗೋಣ. ಬರೀ ಟಕ್ ಟಕ್, ಈಸಿ."

"ದೀಪದ ಮುಂದ ಒದರೂದೇನ?" ಗಂಗಾಂಬಿಕಾ ಹಣೆ ಚಚ್ಚಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ಆತು, ಒದರೋರು ಯಾರು ಹೇಳ್ರಿ."

ಎಂಟು ಕೈ ಮೇಲೆದ್ದವು.

ಮರುದಿನ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಮಕ್ಕಳು ಎಡಕ್ಕೆ ದೀಪ ಇಟ್ಟುಕೊಂಡೇ ಶುರು ಮಾಡಿದರು. ಗಂಗಾಂಬಿಕಾ ಪರದೆಯ ಪಕ್ಕದಲ್ಲಿ, ಮಕ್ಕಳಿಗೆ ಕಾಣುವಂತೆ ತನ್ನ ಕೋಲುಗಳನ್ನು ಎತ್ತಿ ಹಿಡಿದು ನಿಂತಳು. ಮರೆತವರು ನೋಡಿಕೊಳ್ಳಲಿ ಎಂದು. ಬಸ್ಸಿನ ಬಾಗಿಲು ತೆರೆಯಿತು, ಹುಲ್ಲಿಗೆ ನೀರು ಚಿಮ್ಮಿತು. "ಅಯ್ಯೋ, ಉಲ್ಟಾ ಸುತ್ತು," ಎಂದು ಮುಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ರೇಣುಕಾದೇವಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

"ಎಕ್ಸಿಟ್ ಮಿಸ್ಸಾಯ್ತೂ!"

ಶ್ರೇಯಸ್‌ನ ಕೂಗಿಗೆ ಎಂಟೂ ಮಕ್ಕಳು ಬ್ರೇಕ್ ಹಾಕಿದಂತೆ ನಿಂತರು. ಹಣೆ ಚಚ್ಚಿಕೊಂಡರು, ನಿನ್ನೆ ಆಂಟಿ ಚಚ್ಚಿಕೊಂಡ ಹಾಗೆಯೇ. ಟಕ್ ಎಂದು ಒಂದೇ ಏಟಿಗೆ ತಿರುಗಿದರು. ಮೊದಲು ನಕ್ಕವನು ಅಮೂಲ್ಯಾಳ ಅಪ್ಪ ಮುರಳೀಧರ. ಅವನ ಹಿಂದೆಯೇ ಇಡೀ ಸಭೆ. ಅರ್ಧ ಎದ್ದಿದ್ದ ರೇಣುಕಾದೇವಿ ಪೂರ್ತಿ ಎದ್ದು ನಿಂತು ಚಪ್ಪಾಳೆಯ ತಾಳ ಹಾಕತೊಡಗಿದರು. ದೀಪ ಈಗ ಮಕ್ಕಳ ಬಲಕ್ಕಿತ್ತು.

ಗಂಗಾಂಬಿಕಾಗೆ ಹೆಮ್ಮೆಯಿಂದ ಎದೆ ಎಷ್ಟು ಉಬ್ಬಿತೆಂದರೆ ಹೊಸ ರವಿಕೆಯ ಹೊಲಿಗೆಯ ಚಿಂತೆಯಾಯಿತು. ತಾನು ಕಲಿಸದ ಸುತ್ತು ಅದು. ಒಂದಾಯಿತು, ಎರಡಾಯಿತು, ಮೂರನೆಯದೂ ಬಂತು. ಎತ್ತಿ ಹಿಡಿದ ತೋಳು ಸೋಲುತ್ತಿತ್ತು. ಎಂಟು ಮಕ್ಕಳಲ್ಲಿ ಒಬ್ಬರೂ ಅವಳತ್ತ ನೋಡಲಿಲ್ಲ.

ಅವಳು ಮೆಲ್ಲಗೆ ಕೋಲುಗಳನ್ನು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.