ಮೊದಲ ಉತ್ತರ

ರಜೆಯ ದಿನ ಖಾಲಿ ಆಫೀಸಿನಲ್ಲಿ ಒಬ್ಬನೇ ಕೂತು ಅವನು ಒಂದು ವೈಫೈ ಚಿಪ್ಪಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಕಂಪ್ಯೂಟರಿನ ಮಾತು ಅದಕ್ಕೆ ಮುಟ್ಟಿಸುವ ‘ಡ್ರೈವರ್’ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ನಿದ್ದೆಯಿಂದ ಎಬ್ಬಿಸಿದ್ದೇ ತಡ, ಆ ಚಿಪ್ಪು ‘ನಾನು ಸಿದ್ಧ’ ಎಂದುಬಿಡುತ್ತಿತ್ತು. ನಂಬಿ ಡೇಟಾ ಕಳಿಸಿದರೆ ಒಂದು ಚೂರೂ ಆಚೆ ದಾಟುತ್ತಿರಲಿಲ್ಲ. ಚಿಪ್ಪಿನೊಳಗೇ ಕೂರಿಸಿದ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ತಿದ್ದಿಸೋಣವೆಂದರೆ, ಚಿಪ್ಪು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ಸುಳ್ಳಿನ ಜಾಡು ಸಿಕ್ಕಿತು. ಮೊದಲ ಉತ್ತರ ಬರೀ ಬಾಯಿಮಾತು; ಸ್ವಲ್ಪ ತಡೆದು ಮತ್ತೆ ಕೇಳಿದರೆ ಚಿಪ್ಪು ನಿಜ ಹೇಳುತ್ತಿತ್ತು. ಮುಂದೆ ಓದುವವರಿಗಾಗಿ ಕೋಡಿನಲ್ಲಿ ಒಂದು ಸಾಲು ಬರೆದಿಟ್ಟ: ‘ಮೊದಲ ಉತ್ತರ ನಂಬಬೇಡಿ. ಕಾದು, ಇನ್ನೊಮ್ಮೆ ಕೇಳಿ.’

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಬೆಳಗಿನಿಂದ ಅವನ ಕಿವಿಗೆ ಬಿದ್ದ ಬೇರೆಯವರ ದನಿ ಅದೊಂದೇ.

“ಹೇಗಿದ್ದೀಯೋ?”

“ಚೆನ್ನಾಗಿದ್ದೀನಿ ಅಕ್ಕ,” ಪ್ರಶ್ನೆ ಮುಗಿಯುವ ಮೊದಲೇ ಅಂದ.

“ಊಟ ಆಯ್ತಾ?”

“ಆಯ್ತು.” ಊಟದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

“ಸದ್ಯ. ನಿಂದೊಂದು ಚಿಂತೆ ಇಲ್ಲ ನೋಡು ನಂಗೆ,” ಎಂದು ಅಕ್ಕ ಫೋನ್ ಇಟ್ಟಳು.

ಇನ್ನೊಮ್ಮೆ ಕೇಳಿಯಾಳೇನೋ ಎಂದು ಅವನು ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ಕೂತಿದ್ದ.