ನಿಂತ ಮಗ್ಗ

ಮೂರು ದಿನದಿಂದ ಕೋದಂಡರಾಮಯ್ಯ ಬನಶಂಕರಿಗೆ ಮುಖ ಕೊಟ್ಟು ಮಾತಾಡ್ತಿರಲಿಲ್ಲ. ಹಾಲಿನಂಗಡಿ ಹತ್ರ ಎದುರಾದರೆ ತಟ್ಟನೆ ಮೊಬೈಲ್ ಕಿವಿಗಿಟ್ಟುಕೊಳ್ಳೋರು. ಆ ಕಡೆ ಯಾರಾದ್ರೂ ಇದ್ರೋ ಇಲ್ವೋ, ದೇವರೇ ಬಲ್ಲ. ಇವಳಿಗಂತೂ ಅನುಮಾನ.

ಅನುಮಾನ ಪಡದೆ ಇನ್ನೇನು ಮಾಡ್ತಾಳೆ? ದೇವನಹಳ್ಳೀಲಿ ವಿಮಾನ ಇಳಿಯೋಕೆ ಶುರುವಾದ ವರ್ಷ, ಯುದ್ಧ ಆಗೇಬಿಡ್ತು ಅಂತ ಟಿವಿಯೋರು ಬಡ್ಕೊಳ್ತಿದ್ದಾಗ, ದೊಡ್ಡಬಳ್ಳಾಪುರದ ಈ ನೇಕಾರರ ಬೀದಿಗೆ ಪಾಠ ಹೇಳಿದ್ದೇ ಈ ಯಪ್ಪ. "ಯುದ್ಧ ಬೇಡ ಅನ್ನೋಕೆ ಕೂಗಾಟ ಯಾಕೆ ಕಣ್ರೋ, ಹನ್ನೊಂದು ಗಂಟೆಗೆ ಮಗ್ಗದ ಸ್ವಿಚ್ ಆಫ್ ಮಾಡಿ, ಸಾಕು" ಅಂದಿದ್ರು. ಎಲ್ಲರೂ ಮಾಡಿದ್ರು. ಬೆಳಗಿಂದ ಲಟಪಟ ಅನ್ನೋ ಬೀದಿ ಗಪ್‌ಚುಪ್. ಯಾರ ಮನೇದೋ ಕೂಸು ಅಳೋದು ಬೀದಿ ಕೊನೆತನಕ ಕೇಳಿಸ್ತು. ಬನಶಂಕರಿ ಅವತ್ತು ಅತ್ತೇಬಿಟ್ಟಿದ್ದಳು. ಅವಳ ಮಗ ಸಂತೋಷ್ ಆಗಿನ್ನೂ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದ.

ಈಗ ಸಂತೋಷ್ ಗಡೀಲಿ ಸಿಪಾಯಿ. ಫೋನೇ ಬಂದಿಲ್ಲ. ಟಿವಿಯೋರು ಮತ್ತೆ ಬಡ್ಕೊಳ್ತಿದ್ದಾರೆ. ಆದರೆ ಆಗ ದಿಲ್ಲಿ ಕುರ್ಚಿ ಮೇಲಿದ್ದದ್ದು ಬೇರೆ ಪಕ್ಷ, ಈಗಿರೋದು ಕೋದಂಡರಾಮಯ್ಯನೋರ ಪಕ್ಷ.

ಕೊನೆಗೆ ಅವರ ಮನೆ ಬಾಗಿಲಲ್ಲೇ ಅಡ್ಡ ನಿಂತು ಕೇಳಿದಳು: "ನಾಳೆ ಮಗ್ಗ ನಿಲ್ಸೋಣ್ವಾ, ಯಜಮಾನ್ರೇ?"

"ಅದು ಬೇರೆ, ಇದು ಬೇರೆ ಕಣಮ್ಮ. ಈಗಿರೋರು ನಮ್ಮೋರು. ಯೋಚ್ನೆ ಮಾಡೇ ಮಾಡಿರ್ತಾರೆ."

ನಮ್ಮೋರಂತೆ! ಹಾಗಾದ್ರೆ ನನ್ನ ಮಗ ಯಾರೋನು?

ಎದುರುಮನೆ ರುಕ್ಮಿಣಮ್ಮ ಮಾತ್ರ "ನಾನ್ ನಿಲ್ಸ್ತೀನಿ ಬಿಡಕ್ಕ" ಅಂದಳು. ಅಂದೋಳು ಅತ್ತ ಇತ್ತ ನೋಡಿದ್ಯಾಕೆ?

ಮಾರನೇ ದಿನ ಹನ್ನೊಂದಕ್ಕೆ ಬನಶಂಕರಿ ಸ್ವಿಚ್ ಆಫ್ ಮಾಡಿ ಕಿವಿಗೊಟ್ಟಳು. ಎದುರುಮನೆ ಮಗ್ಗ ಲಟಪಟ ಅಂತಾನೇ ಇತ್ತು. ಪಕ್ಕದ್ದೂ ಅಷ್ಟೆ. ಇಡೀ ಬೀದೀಲಿ ನಿಂತದ್ದು ಅವಳದೊಂದೇ.

ಸ್ವಲ್ಪ ಹೊತ್ತಿಗೆ ಕೋದಂಡರಾಮಯ್ಯನೇ ಬಂದರು, ಕೈಯಲ್ಲಿ ಟೆಸ್ಟರು. ಬೀದಿಗೆಲ್ಲ ಕೇಳ್ಲಿ ಅಂತ ಕೂಗಿದರು: "ಏನಮ್ಮಾ, ಫ್ಯೂಸ್ ಹೋಯ್ತಾ?"

"ಫ್ಯೂಸ್ ನೆಟ್ಟಗೇ ಇದೆ. ನಾನೇ ನಿಲ್ಸಿದ್ದು. ನೀವೇ ಹೇಳ್ಕೊಟ್ಟಿದ್ದಲ್ವಾ?"

ಅವರು ದನಿ ತಗ್ಗಿಸಿದರು. "ಗೊತ್ತು ಕಣಮ್ಮ. ಸಿಪಾಯಿ ತಾಯೇ ಹಿಂಗೆ ಮಾಡಿದ್ಲು ಅಂದ್ರೆ ಜನ ಏನಂತಾರೆ? ಫ್ಯೂಸ್ ಅಂತಾನೇ ಇರ್ಲಿ."

ಇದು ತನ್ನನ್ನ ಕಾಯೋಕೋ, ಪಕ್ಷದ ಮಾನ ಕಾಯೋಕೋ? ಅವಳು ತೀರ್ಮಾನಕ್ಕೆ ಬರೋದ್ರೊಳಗೆ ಯಜಮಾನ್ರು ಸ್ವಿಚ್ ಒತ್ತಿ, ಹೊಸ್ತಿಲಲ್ಲಿ ನಿಂತು ಸಾರಿಬಿಟ್ಟರು: "ಫ್ಯೂಸ್ ಕಣ್ರೋ! ಸರಿಹೋಯ್ತು!"

ಬನಶಂಕರಿ ಸ್ವಿಚ್ ಮತ್ತೆ ಆಫ್ ಮಾಡಿದಳು. ಅವರನ್ನ ಪಕ್ಕಕ್ಕೆ ಸರಿಸಿ ನಡುಬೀದಿಗೆ ಬಂದು, ಗಂಟಲು ಹರಿಯೋ ಹಾಗೆ ಕೂಗಿದಳು: "ನನ್ನ ಮಗ್ಗ ಕೆಟ್ಟಿಲ್ಲ! ನನ್ನ ಮಗ ಅಲ್ಲಿದಾನೆ! ಯುದ್ಧ ಬೇಡ!"

ಅಷ್ಟೊಂದು ಮಗ್ಗದ ಸದ್ದಲ್ಲಿ ಅದು ಕೇಳಿಸಿದ್ದು ಕೋದಂಡರಾಮಯ್ಯನೋರಿಗೆ ಒಬ್ಬರಿಗೇ. ಅವರು ಮೊಬೈಲ್ ಕಿವಿಗಿಟ್ಟುಕೊಂಡರು.