ಗಂಗೆಯ ಸೀಗಡಿ

ಗಂಗೆ ಎದ್ದು ಸೀರೆಯ ನೆರಿಗೆ ಕೊಡವಿಕೊಳ್ಳುವಷ್ಟರಲ್ಲಿ ಮಾಲಿನಿ ಅವಳ ಸೆರಗು ಹಿಡಿದು ಎಳೆದಳು.

"ಎಲ್ಲಿಗೆ ಹೊಂಟೆ? ಕುತ್ಕ."

"ಸೀಗಡಿ ಮಗಚಿ ಹಾಕಿ ಬತ್ತೆ ಅಕ್ಕಾ. ಬೆಳಿಗ್ಗೆಯಿಂದ ಒಂದೇ ಬದಿ ಒಣಗ್ತಾ ಅದೆ."

"ಕಂತು ಇಟ್ಟು ಏಳು. ಆಮೇಲೆ ಬೇಕಾದ ಬದಿ ಒಣಗಿಸ್ಕ."

ಗಂಗೆ ಕೂತಳು. ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ಗಾಳಿಮರಗಳ ಆಚೆ ನೋಡಿದಳು. ಕಾಸರಕೋಡಿನ ಆ ಓಣಿಯಲ್ಲಿ ಯಾರ ಜಗಲಿಯ ಮೇಲೆ ಕೂತರೂ ಮರಳು ಕಾಣುತ್ತದೆ, ಮರಳ ಮೇಲೆ ಹಳೆಯ ಬಲೆ ಹಾಸಿ ಹರವಿದ ಮೀನು ಕಾಣುತ್ತದೆ. ಯಾರ ಮೀನು ಯಾವುದು ಎಂದು ಇಲ್ಲಿನ ಹೆಂಗಸರು ದೂರದಿಂದಲೇ ಗುರುತಿಸುತ್ತಾರೆ. ಎಲ್ಲರಿಗಿಂತ ಆಚೆ, ನೀರಿನ ಕಡೆಗೆ ಹರವಿದ್ದ ಸೀಗಡಿ ಗಂಗೆಯದು.

ಮಾಲಿನಿಯ ಜಗಲಿಯ ಮೇಲೆ ಪ್ರತಿ ಬುಧವಾರ ಸೇರುವ ಹೆಂಗಸರ ಸಾಲದ ಸಂಘಕ್ಕೆ ಒಂದೇ ನಿಯಮ. ಎಲ್ಲರ ಕಂತು ಬೀಳುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ತುಂಬಲು ಯಾರಿಗೂ ಮನಸ್ಸಿಲ್ಲದ ಕಾರಣ, ತಪ್ಪಿದವಳ ಚರ್ಮ ಸುಲಿಯುವ ಕೆಲಸವನ್ನು ಉಳಿದವರೇ ಶ್ರದ್ಧೆಯಿಂದ ಮಾಡುತ್ತಿದ್ದರು. ಸಾಲ ಕೊಟ್ಟ ಕಂಪನಿಗೆ ಇಷ್ಟು ಅಗ್ಗದ ಆಳುಗಳು ಬೇರೆಲ್ಲಿ ಸಿಗಬೇಕು! ಮಾಲಿನಿ ಈ ಸಂಘದ ಮುಖ್ಯಸ್ಥೆ. ತನ್ನ ಸಂಘದಲ್ಲಿ ಒಂದು ಕಂತೂ ತಪ್ಪಿಲ್ಲ ಎಂಬ ಹೆಮ್ಮೆಯನ್ನು ಅವಳು ಕೊರಳ ಸರದಂತೆ ಹೊರಗೆ ಕಾಣುವ ಹಾಗೆ ಹಾಕಿಕೊಂಡು ತಿರುಗುತ್ತಿದ್ದಳು.

ಕಂಪನಿಯ ಉಮೇಶ ಅಂಗಳದಾಚೆ, ರಸ್ತೆಯ ಮೇಲೆ ಬೈಕಿಗೆ ಒರಗಿ ನಿಂತಿದ್ದ. ಹಳದೀಪುರದ ಹುಡುಗ, ಮಾತು ಬೆಣ್ಣೆ. ಮೊದಲೆಲ್ಲ ಒಳಗೆ ಬಂದು ಕುರ್ಚಿಯ ಮೇಲೆ ಕೂತು ಚಾ ಕುಡಿದು ಗದರಿಸುತ್ತಿದ್ದವನು, ಸಾಲ ವಸೂಲಿಗೆ ಪೀಡಿಸಬಾರದೆಂಬ ಕಾನೂನು ಬಂದ ಮೇಲೆ ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದ.

"ನಾನು ಯಾರಿಗೂ ಒತ್ತಾಯ ಮಾಡೂದಿಲ್ಲ ಮಾಲಿನಕ್ಕ," ಎಂದು ಅಲ್ಲಿಂದಲೇ ಕೂಗಿ ಹೇಳಿದ. "ಬೈಯೂ ಹಾಂಗಿಲ್ಲ, ಮನೆ ಬಾಗಿಲಿಗೆ ಬರೂ ಹಾಂಗಿಲ್ಲ. ನಿಮ್ಮ ನಿಮ್ಮಲ್ಲೇ ಮಾತಾಡ್ಕಣಿ. ಆದ್ರೆ ಇವತ್ತು ಒಂದು ಕಂತು ಕಮ್ಮಿ ಬಿತ್ತು ಅಂದ್ರೆ ಹೊಸ ಸಾಲ ಯಾರಿಗೂ ಇಲ್ಲ. ಅದು ನನ್ನ ಕೈಲಿಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ತಾನೇ ಎಂಬುದು ಮಾಲಿನಿಗೆ ತಿಳಿಯದ್ದೇನಲ್ಲ. ಆದರೆ ಆ ಹೊಸ ಸಾಲ ಅವಳಿಗೆ ಬೇಕೇ ಬೇಕಿತ್ತು. ಮಗಳು ಪ್ರಿಯಾಗೆ ಕುಮಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಹಣ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಹುಡುಗಿ ಆಗಲೇ ಬಿಳಿ ಬಟ್ಟೆ ಹೊಲಿಯಲು ಕೊಟ್ಟು ಬಂದಿದ್ದಳು. ತನ್ನ ಹಳೆಯ ಸಾಲವನ್ನು ಮಾಲಿನಿ ಹೊಟ್ಟೆ ಕಟ್ಟಿ ತೀರಿಸಿದ್ದಳು. ಈಗ ಗಂಗೆಯೊಬ್ಬಳಿಂದ ಎಲ್ಲ ನೀರುಪಾಲಾಗಬೇಕೇ?

"ಶನಿವಾರ ಭಟ್ಕಳದ ಸಾಬ್ರು ಬತ್ರು ಅಕ್ಕಾ," ಎಂದಳು ಗಂಗೆ. "ಮಳೆಗಾಲಕ್ಕೆ ಅಂದೇಳಿ ಪೂರಾ ಸೀಗಡಿ ಅವ್ರೇ ತಕಂತ್ರು, ಮಾತಾಗದೆ. ಹಿಂದಿಂದು, ಇವತ್ತಿಂದು, ಮುಂದಿಂದು ಎಲ್ಲ ಸೇರ್ಸಿ ಒಟ್ಟಿಗೆ ಇಡ್ತೆ. ಮೂರೇ ದಿವ್ಸ."

"ಹೋದ ವಾರ ನಿನ್ನ ಪಾಲು ನಾವೇ ಹಾಕಿದ್ದು," ಎಂದಳು ರೇಖಾ.

"ಅದ್ರ ಹಿಂದಿನ ವಾರನೂ," ಎಂದಳು ವೀಣಾ. "ನನ್ನ ಮಗು ಔಷಧದ ದುಡ್ಡು ಅದು."

"ಅವ್ರಿಗೆ ಸೊಂಟಕ್ಕೆ ಪೆಟ್ಟಾಗಿ ಮಲಗಿದ್ದು ನಿಮಗೆ ಗೊತ್ತಿಲ್ದೇ ಅದ್ಯಾ?" ಎಂದಳು ಗಂಗೆ. ಅವಳ ಗಂಡ ಬೋಟಿನಲ್ಲಿ ಜಾರಿ ಬಿದ್ದವನು ಇನ್ನೂ ಮಗ್ಗುಲು ಬದಲಿಸಲು ಒದ್ದಾಡುತ್ತಿದ್ದ.

"ಗಂಡನ ಸೊಂಟ ಕೇಳಿ ಸಾಲ ಕೊಟ್ಟಿದ್ರಾ?" ಎಂದಳು ಮಾಲಿನಿ. "ತಕಂಬಾಗ ಎಲ್ರಿಗಿಂತ ಮುಂದೆ ಬಂದು ಹೆಬ್ಬೆಟ್ಟು ಒತ್ತಿದ್ದೆ. ಯಾರೂ ನಿನ್ನ ಕೈ ಹಿಡ್ದು ಒತ್ತಿಸ್ಲಿಲ್ಲ. ತಕಂಡವ್ರು ಕಟ್ಟೂಕೆ ಬೇಕು, ಅಷ್ಟೇಯ."

ಮೂಲೆಯಲ್ಲಿ ಕೂತ ಗಣಪಜ್ಜಿ ಬಾಯಿಯ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿದಳು. "ಅಲ್ದೇ ಮಾಲಿನಿ, ಸಾಲದ ದುಡ್ಡು ಕೈಗೆ ಬರೂದ್ರೊಳಗೇ ಅದೂ ಇದೂ ಅಂದೇಳಿ ಮುರ್ಕಂಡ್ರು. ಮುರ್ಕಂಡದ್ದಕ್ಕೂ ಬಡ್ಡಿ ಹಾಕ್ತ್ರು. ಸರ್ಕಾರ ಎಂತದೋ ಕಾನೂನು ಮಾಡದೆ ಅಂದ್ರು. ಅದೆಂತಕ್ಕೆ ಮತ್ತೆ?"

"ಕಾನೂನು ನಮಗೆ ಅಜ್ಜಿ, ನಿಮಗಲ್ಲ," ಎಂದ ಉಮೇಶ ರಸ್ತೆಯಿಂದ, ನಗುತ್ತಲೇ. "ಅದ್ಕೇ ಅಲ್ದಾ ನಾನು ಬಿಸ್ಲಲ್ಲಿ ನಿಂತದ್ದು?"

ಕೆಲವರು ನಕ್ಕರು. ಮಾಲಿನಿ ನಗಲಿಲ್ಲ. ಅವಳು ಗಂಗೆಯ ಕಿವಿ ನೋಡುತ್ತಿದ್ದಳು. ಅಲ್ಲಿ ಬೆಂಡೋಲೆ ಇರಲಿಲ್ಲ, ತೂತು ಮುಚ್ಚದಿರಲೆಂದು ಹಿಡಿಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದಳು. ಕುತ್ತಿಗೆಯಲ್ಲಿ ಅರಿಸಿನದ ದಾರ. ಕಿತ್ತುಕೊಳ್ಳಲು ಏನೂ ಉಳಿದಿಲ್ಲ ಎಂದು ತಿಳಿದಾಗ ಮಾಲಿನಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು. ಇದ್ದೂ ಕೊಡದವಳನ್ನಾದರೆ ಬಗ್ಗಿಸಬಹುದು, ಇಲ್ಲದವಳನ್ನು ಏನು ಮಾಡುವುದು? ಹಾಗೆಂದೇ ಬಾಯಿಗೆ ಬಂದದ್ದೆಲ್ಲ ಆಡಿದಳು. ಮಕ್ಕಳಿಲ್ಲದವಳಿಗೆ ಇಷ್ಟು ಖರ್ಚು ಯಾತರದು ಎಂದಳು. ಗಂಡ ಬಿದ್ದದ್ದು ಕುಡಿದೇ ಎಂದಳು. ತಾನು ಆಡುತ್ತಿರುವುದು ಸುಳ್ಳೆಂದು ಗೊತ್ತಿದ್ದೂ ಆಡಿದಳು. ಗಂಗೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಡುನಡುವೆ ಕತ್ತೆತ್ತಿ ಸೀಗಡಿಯ ಕಡೆ ಮಾತ್ರ ನೋಡುತ್ತಿದ್ದಳು.

ಮೋಡ ಮೊದಲು ಕಂಡದ್ದು ಅವಳಿಗೇ. "ಅಕ್ಕಾ, ಮಳಿ!" ಎಂದು ಚೀರಿದಳು.

ಮೇ ತಿಂಗಳ ಮಳೆ, ಹೇಳಿ ಕೇಳಿ ಬರುವಂಥದ್ದಲ್ಲ. ಅಳಿವೆಯ ಕಡೆಯಿಂದ ತಣ್ಣನೆ ಗಾಳಿ ನುಗ್ಗಿತು, ಗಾಳಿಮರಗಳು ಹುಯ್ಲಿಟ್ಟವು. ಜಗಲಿಯ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ಓಡಿದರು. ಮರಳಿನ ಮೇಲೆ ಅವರಿಗೊಂದು ಹಳೆಯ ರೂಢಿ ಇತ್ತು. ಮಳೆ ಬಂದಾಗ ಯಾರದ್ದು ಎಂದು ಕೇಳುವುದಿಲ್ಲ. ಕೈಗೆ ಸಿಕ್ಕ ಬಲೆಯ ತುದಿ ಹಿಡಿದು ಎತ್ತುವುದು, ಹತ್ತಿರದ ಚಪ್ಪರಕ್ಕೆ ಹೊರುವುದು, ಆಮೇಲೆ ನಿನ್ನದು ನನ್ನದು. ವರ್ಷವಿಡೀ ಮಾತು ಬಿಟ್ಟ ಓರಗಿತ್ತಿಯರೂ ಆ ಹೊತ್ತು ಒಬ್ಬರ ಮೀನು ಒಬ್ಬರು ಹೊರುತ್ತಿದ್ದರು. ಅಲ್ಲಿ ಯಾರೂ ಒಂಟಿಯಾಗಿ ಮೀನು ಒಣಗಿಸಿ ಬದುಕಿದ್ದಿಲ್ಲ.

ಗಂಗೆಯೂ ಎದ್ದಳು. ಮಾಲಿನಿ ಎರಡು ಕೈಯಲ್ಲಿ ಅವಳ ರಟ್ಟೆ ಹಿಡಿದು ಕೆಳಗೆ ಕುಕ್ಕಿದಳು.

"ಬಿಡೇ ಅಕ್ಕಾ! ಅದೊಂದೇ ಇರೂದು ನಂಗೆ!"

"ಗೊತ್ತದೆ. ಮಾತು ಕೊಡು. ಪಾತ್ರೆ ಅಡವಿಟ್ಟೋ, ಯಾರ ಕಾಲಾದ್ರೂ ಹಿಡ್ದೋ, ಇವತ್ತೇ ಕಂತು ತತ್ತೆ ಅಂದೇಳು. ಬಿಡ್ತೆ."

"ಎಲ್ಲಿಂದ ತರ್ಲಿ? ಶನಿವಾರ..."

ಮೊದಲ ಹನಿಗಳು ಹಂಚಿನ ಮೇಲೆ ಬಿದ್ದವು. ಮರಳಿನಲ್ಲಿ ರೇಖಾ ತನ್ನ ಬಂಗಡೆ ಎತ್ತಿ, ಮಾಲಿನಿಯ ಮೀನನ್ನೂ ಚಪ್ಪರಕ್ಕೆ ಸೇರಿಸಿ, ನೀರಿನ ಕಡೆ ಗಂಗೆಯ ಸೀಗಡಿಯತ್ತ ಓಡುತ್ತಿದ್ದಳು. ರೂಢಿಯ ಕಾಲು, ತಾನಾಗಿಯೇ ಓಡುತ್ತದೆ. ಮಾಲಿನಿ ಜಗಲಿಯಿಂದಲೇ ಕೂಗಿದಳು:

"ಏ ರೇಖಾ! ಗಂಗೆ ಸೀಗಡಿ ಎತ್ತಿದವ್ರು ಅವಳ ಕಂತನ್ನೂ ಕಟ್ಟೂಕೆ ಬೇಕು! ನೋಡ್ಕಣಿ!"

ರೇಖಾ ನಿಂತಳು. ಅವಳ ಹಿಂದೆ ಬರುತ್ತಿದ್ದ ವೀಣಾಳೂ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಣಪಜ್ಜಿ ಬಲೆಯ ಒಂದು ತುದಿ ಹಿಡಿದು ಜಗ್ಗಿದಳು. ಅಷ್ಟು ಭಾರ ಮುದುಕಿಯೊಬ್ಬಳಿಂದ ಆಗುವ ಮಾತಲ್ಲ, ಸುತ್ತ ನೋಡಿದಳು, ಯಾರೂ ಬರಲಿಲ್ಲ. ಆಮೇಲೆ ಆಕಾಶ ಕಳಚಿ ಬಿದ್ದಂತೆ ಮಳೆ ಸುರಿಯಿತು.

ಗಂಗೆ ಒಂದಿಷ್ಟು ಹೊತ್ತು ಕೊಸರಾಡಿದಳು, ಮಾಲಿನಿಯ ಕೈಗೆ ಕಚ್ಚಿದಳು. ಆಮೇಲೆ ಸುಮ್ಮನಾದಳು. ಇಬ್ಬರೂ ಒತ್ತೊತ್ತಾಗಿ ಕೂತು ನೋಡಿದರು. ಅಲೆ ಬಂದು ಬಲೆಯ ಅಂಚು ಮಡಚಿತು, ಹಿಂದೆ ಹೋಗುವಾಗ ಒಂದಿಷ್ಟು ಸೀಗಡಿಯನ್ನು ಎಳೆದುಕೊಂಡು ಹೋಯಿತು. ಉಳಿದದ್ದು ಮಳೆಗೆ ಊದಿಕೊಂಡು ಮರಳಿಗೆ ಕಲಸಿತು. ಇನ್ನು ಅದನ್ನು ಗೊಬ್ಬರಕ್ಕೂ ಯಾರೂ ಕೊಳ್ಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಶನಿವಾರ ಬರಬೇಕಾಗಿದ್ದ ಕಂತುಗಳೂ ಅದರ ಜೊತೆಗೇ ಕೊಚ್ಚಿಹೋದವು ಎಂಬುದು ಮಾಲಿನಿಗೆ ಹೊಳೆದದ್ದು ಆಗ. ಹೊಳೆದರೂ ಹಿಡಿದ ರಟ್ಟೆಯನ್ನು ಬಿಡಲಿಲ್ಲ.

ಮಳೆ ನಿಂತಿತು. ಅಂಗಡಿಯ ಮಾಡಿನ ಕೆಳಗೆ ನಿಂತಿದ್ದ ಉಮೇಶ ಮತ್ತೆ ರಸ್ತೆಗೆ ಬಂದು, ಮರಳಿನ ಕಡೆ ಒಮ್ಮೆ ನೋಡಿ, ನಾಲಗೆ ಲೊಚಗುಟ್ಟಿದ. "ಛೇ, ಪಾಪ. ಇನ್ನು ಅವ್ರ ಹತ್ರ ಎಂತ ಅದೆ? ನೀವೇ ಹಂಚ್ಕಂಡು ಹಾಕಿ. ನಂಗೆ ಇನ್ನೆರಡು ಕಡೆ ಹೋಗೂದದೆ."

ಒದ್ದೆ ಸೀರೆಯ ಹೆಂಗಸರು ಸೊಂಟದ ಸಂಚಿ ಬಿಚ್ಚಿದರು. ಯಾರೂ ಗಂಗೆಯನ್ನು ಬೈಯಲಿಲ್ಲ. ಯಾರೂ ಅವಳ ಕಡೆ ನೋಡಲೂ ಇಲ್ಲ. ಕಡಿಮೆ ಬಿದ್ದದ್ದನ್ನು ಮಾಲಿನಿ ಒಳಗಿನಿಂದ ತಂದು ಹಾಕಿ, ಹಣವನ್ನು ತಾನೇ ರಸ್ತೆಗೆ ಒಯ್ದು ಕೊಟ್ಟಳು.

"ಆತು ಸರ್. ಒಂದು ಪೈಸೆ ಕಮ್ಮಿ ಇಲ್ಲ. ನನ್ನ ಹೊಸ ಸಾಲ ನಾಳೆ ಸಿಗ್ತದ್ಯಾ? ಶುಕ್ರವಾರ ಮಗಳ ಫೀಸು."

ಉಮೇಶ ಹಣ ಚೀಲಕ್ಕೆ ಹಾಕಿ ಜಿಪ್ ಎಳೆದ. "ಹೊಸ ಸಾಲ ನಿಲ್ಸಿದ್ರು ಅಕ್ಕಾ. ಕಾನೂನು ಬಂತಲ್ಲ, ಈ ಬದಿಗೆ ಇನ್ನು ಬರೀ ವಸೂಲಿ. ಆಫೀಸಿಂದ ಹೋದ ತಿಂಗಳೇ ಹೇಳಿದ್ರು."

ಮಾಲಿನಿ ಬೈಕಿನ ಹ್ಯಾಂಡಲ್ ಹಿಡಿದಳು. "ಹೋದ ತಿಂಗಳಾ? ಮತ್ತೆ ಈಗ ಹೇಳ್ತ್ಯಲ್ಲೋ?"

"ಮೊದ್ಲೇ ಹೇಳಿದ್ರೆ ನೀವು ಇವತ್ತು ಕಟ್ಟಿಸ್ತಿದ್ರಾ?" ಎಂದ. ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದಂತಿತ್ತು. ಬೈಕು ಹೊನ್ನಾವರದ ಕಡೆಗೆ ತಿರುಗಿತು.

ಅವಳು ಹಿಂದಿರುಗಿದಾಗ ಜಗಲಿ ಖಾಲಿಯಾಗಿತ್ತು. ಒಳಗೆ ಪ್ರಿಯಾ ಯಾರೊಡನೆಯೋ ಫೋನಿನಲ್ಲಿ ಹಾಸ್ಟೆಲ್ಲಿನ ಊಟದ ವಿಚಾರ ಮಾತಾಡುತ್ತಿದ್ದಳು. ಗಂಗೆ ಮಾತ್ರ ಕೂರಿಸಿದ ಜಾಗದಲ್ಲೇ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ. ರಟ್ಟೆಯ ಮೇಲೆ ಬೆರಳ ಗುರುತು ಕೆಂಪಗಿತ್ತು.

"ಅಕ್ಕಾ," ಎಂದಳು, "ಎಲ್ರ ಕಂತೂ ಬಿತ್ತಲ್ಲ. ನಾ ಈಗ ಏಳ್ಲಾ?"

"ಏಳು," ಎಂದಳು ಮಾಲಿನಿ. ಒಳಗಿನ ಪ್ರಿಯಾಳ ಮಾತಿನ ನಡುವೆ ಅದು ಗಂಗೆಗೆ ಕೇಳಿಸಲಿಲ್ಲ. ಗಂಗೆ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು.